ಬೆಣ್ಣಿಹಳ್ಳದ ಕೆನಿ

ಹುಬ್ಬಳ್ಳಿಯಲ್ಲಿ ರೈಲಿಳಿದು ನವಲಗುಂದದ ಬಸ್ಸು ಹತ್ತಿದಾಗ ಬೆಳಗಿನ ಏಳೂವರೆ. ನವೆಂಬರಿನ ಚಳಿ. ಹೆಂಗಸರಿಗೆ ಬಸ್ಸು ಉಚಿತವೆಂದು ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ತಿರುಗಿಸಿ ನೋಡಿ, "ಮಾತು ನಮ್ಮ ಕಡೇದು, ಕಾರ್ಡು ಗುಜರಾತದ್ದು. ಟಿಕೀಟ್ ತಗೋರಿ" ಅಂದ. ತೆಗೆದುಕೊಂಡೆ. ಹದಿನಾರು ವರ್ಷಗಳಿಂದ ಅಲ್ಲಿಯೇ, ಎಣ್ಣೆ ಬಾವಿಗಳ ಕಲ್ಲು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಸುಮಾರು ನಲವತ್ತು ಕಿಲೋಮೀಟರಿನ ದಾರಿಯಲ್ಲಿ ಹತ್ತಿ, ಕಡಲೆ, ಕರಿ ನೆಲ. ಕಣ್ಣು ಕೀಳಲಾಗಲಿಲ್ಲ.

ನಿಲ್ದಾಣದಲ್ಲಿ ಗಿರಿಜಾ ಸ್ಕೂಟರ್ ಮೇಲೆ ಕಾದಿದ್ದಳು. "ಬಾ ಲೇ ಗುಜರಾತಿ, ದಪ್ಪ ಆಗೀದಿ." ಧಾರವಾಡದಲ್ಲಿ ಇಬ್ಬರೂ ಕೂಡಿ ಭೂವಿಜ್ಞಾನ ಓದಿದವರು. ಗುಜರಾತದ ಕೆಲಸಕ್ಕೆ ಇಬ್ಬರಿಗೂ ಕರೆ ಬಂದಿತ್ತು. ನಾನು ಹೋದೆ, ಅವಳನ್ನು ಮನೆಯವರು ಕಳಿಸಲಿಲ್ಲ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

ಎಣ್ಣೆ ತುಂಬಿಕೊಂಡ ಮರಳುಗಲ್ಲು ಒಂದು ಕಾಲದ ಹೊಳೆಯ ಮರಳು. ಬಾವಿಯಿಂದ ನಮಗೆ ಬರುವುದು ಅದರ ಬೆರಳುದ್ದದ ತುಂಡು. ಪದರುಗಳು ಹೇಗೆ ಹಾಸಿವೆ ಎಂದು ತಿಳಿಯಲು ಇಂದಿನ ಹಳ್ಳವನ್ನೇ ಅಗೆದು ನೋಡಬೇಕು. ಆ ಹಳ್ಳ ಎಲ್ಲಿಯದಾದರೂ ಆಗಬಹುದಿತ್ತು. ಗಿರಿಜಾಳನ್ನು ನೋಡಬೇಕೆಂದು ನಾನು ಅವಳೂರಿನ ಬೆಣ್ಣಿಹಳ್ಳ ಆರಿಸಿಕೊಂಡಿದ್ದೆ.

ದಂಡೆಯ ಹೊಲದ ಫಕೀರಪ್ಪ ಕಾಕಾ ಮರಳ ದಿಬ್ಬದಲ್ಲಿ ಆಳೆತ್ತರದ ಗುಂಡಿ ತೋಡಿಸಿಟ್ಟಿದ್ದರು. ಗೋಡೆಯಲ್ಲಿ ಉಗುರಿನಷ್ಟು ತೆಳುವಾದ ಕಪ್ಪು ಗೆರೆ.

"ಇದು ಕೆನಿ ರೀ," ಅಂದರು ಕಾಕಾ. "ಹಳ್ಳ ತುಂಬಿ ಬಂದು ಇಳಿತೈತಲ್ರಿ, ಆವಾಗ ಮರಳಿನ ಮ್ಯಾಲ ತೆಳ್ಳಗ ರಾಡಿ ಕುಂದರತೈತಿ. ಮ್ಯಾಲಿನ ನೀರು ಸಿಹಿ, ಕೆಳಗಿಂದು ಸವಳ. ಒರತಿ ತೋಡುಮುಂದ ಕೆನಿ ಒಡಿಯಂಗಿಲ್ಲ."

"ನಿಮ್ಮ ಲ್ಯಾಬಿನ್ಯಾಗ ಇದಕ್ಕೇನಂತಾರ?" ಗಿರಿಜಾ ಕೇಳಿದಳು. ನಾನು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದೆ.

"ಅಷ್ಟು ಹೇಳೂದ್ರಾಗ ಹಳ್ಳ ಮತ್ತ ಬರತೈತಿ," ಅಂದರು ಕಾಕಾ.

ಗಿರಿಜಾ ಕೆಳಗಿಳಿದು ಹಿತ್ತಾಳೆಯ ನಳಿಗೆ ಎರಡನ್ನು ಒತ್ತಿದಳು, ಒಂದನ್ನು ಗೋಡೆಯಲ್ಲಿ ಅಡ್ಡಲಾಗಿ, ಇನ್ನೊಂದನ್ನು ಕೆನಿ ದಾಟುವಂತೆ ನೆಟ್ಟಗೆ. ಮರಳು ತುಂಬಿದ ನಳಿಗೆಗಳನ್ನು ಹೊರತೆಗೆದು ನೆಟ್ಟಗೆ ಹಿಡಿದು, ಎರಡಕ್ಕೂ ಬಾಟಲಿಯಿಂದ ನೀರು ಹಾಕಿದೆವು. ಪದರಿನ ಉದ್ದಕ್ಕೆ ತೆಗೆದುದರಲ್ಲಿ ನೀರು ಸರ್ರನೆ ಹಾಯಿತು. ಕೆನಿ ಇದ್ದುದರಲ್ಲಿ ಹಾಗೇ ನಿಂತಿತು. ಮರಳು ಅದೇ, ದಾರಿ ಬೇರೆ. ಎಣ್ಣೆ ಬಾವಿಯಲ್ಲಿಯೂ ಹೀಗೆಯೇ, ಪಕ್ಕಕ್ಕೆ ಹರಿಯುವ ಎಣ್ಣೆ ಮೇಲಕ್ಕೆ ಬರಲು ಒಂದು ಉಗುರು ದಪ್ಪದ ರಾಡಿ ಬಿಡುವುದಿಲ್ಲ. ಗಿರಿಜಾ ನಿಂತ ನೀರನ್ನು ಬಹಳ ಹೊತ್ತು ನೋಡಿದಳು.

ದಂಡೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. "ಇನ್ನೊಂದು ನಳಿಗಿ ತಗೀತೀನಿ," ಎಂದು ಅವಳು ಎದ್ದಳು. "ತಗೀ" ಅಂದೆ. ಅವಳು ಮತ್ತೆ ಗುಂಡಿಗಿಳಿದಳು.

ಗೋಡೆ ಸದ್ದಿಲ್ಲದೆ ಬಂತು. ಚೀಲ ಬಿಚ್ಚಿದಂತೆ ಮರಳು ಜಾರಿ, ಅವಳು ಎದೆಮಟ್ಟ ಹೂತುಹೋಗಿದ್ದಳು. ನಾನು ಹಾರಲು ಹೋದೆ. ಕಾಕಾ ಸೆರಗು ಹಿಡಿದೆಳೆದರು. "ಇಳೀಬ್ಯಾಡ್ರಿ, ಈ ಕಡೆ ಗ್ವಾಡಿನೂ ಬೀಳತೈತಿ." ಚಕ್ಕಡಿಯ ಹಲಗೆ ತಂದು ಗುಂಡಿಗೆ ಅಡ್ಡ ಹಾಕಿ, ಅದರ ಮೇಲೆ ಬೋರಲು ಮಲಗಿ ಬೋಗುಣಿಯಿಂದ ಮರಳು ತೆಗೆಯತೊಡಗಿದರು. ಅವಳು ಉಸಿರು ಬಿಟ್ಟಾಗಲೆಲ್ಲ ಮರಳು ಇನ್ನಷ್ಟು ಬಿಗಿಯುತ್ತಿತ್ತು. "ಸಣ್ಣಗ ತಗೋ ಯವ್ವಾ, ಸಣ್ಣಗ." ನಾನು ಅವಳ ಮಣಿಕಟ್ಟು ಹಿಡಿದಿದ್ದೆ. ಎಷ್ಟು ಹೊತ್ತೆಂದು ಇಂದಿಗೂ ಹೇಳಲಾರೆ. ಕಾಲು ಬಿಡಿಸಿಕೊಂಡು ಮೇಲೆ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದರು.

ಎರಡು ದಿನ ಅವಳ ಮನೆಯಲ್ಲಿದ್ದೆ. ಕಣ್ಣು ಮುಚ್ಚಿದರೆ ಗೋಡೆ. ಮೇಲಿನ ನೀರು ಕೆನಿಯ ಮೇಲೆ ತಡೆದು ನಿಂತು, ಗೋಡೆಯ ಬಾಯಿಗೆ ಬಂದು ಮರಳನ್ನು ಸಡಿಲ ಮಾಡಿರಬೇಕು. ನಾನು ದಿನವೂ ಬರೆಯುವ ವರದಿಯ ವಿಷಯವೇ ಅದು.

ಹೊರಡುವ ದಿನ ಬೇಡವೆಂದರೂ ಅವಳು ನಿಲ್ದಾಣಕ್ಕೆ ಬಂದಳು. ಕಿಟಕಿಯಿಂದ ನಾನು, "ತಪ್ಪು ನಂದು. ಗ್ವಾಡಿ ನೋಡದ ನಿನ್ನ ಇಳಿಸಿದೆ" ಅಂದೆ.

"ನಾ ನೋಡಿದ್ದೆ ಲೇ," ಅಂದಳು. "ಊಟಕ್ಕ ಏರೂಕಿಂತ ಮೊದಲ. ಕೆನಿ ಮ್ಯಾಲ ಹನಿ ಕಟ್ಟಿತ್ತು."

"ಮತ್ತ ಹೇಳಬಾರದ?"

"ಹೇಳಿದ್ರ ನೀ ಮ್ಯಾಲ ಕರೀತಿದ್ದಿ. ನನಗ ಈ ಕೆಲಸ ಅದೊಂದ ದಿನ ಸಿಕ್ಕಿತ್ತು."

ಬಸ್ಸು ಹೊರಟಿತು. ತಿರುವಿನವರೆಗೂ ನೋಡಿದೆ. ಕೈ ಎತ್ತಿದರೆ ಪಕ್ಕೆ ನೋಯುತ್ತಿತ್ತೇನೋ, ಬೀಸದೆ ನಿಂತಿದ್ದಳು.