ಹತ್ತನೆಯ ಕೂಗು

ಕಾಲೇಜಿನ ತೋಟ ಗುಡಿಸುವ ಆಕೆಗೆ ಜೊತೆಯವರು ಇಟ್ಟ ಹೆಸರು 'ಅಳಿಲು ಪಂಡಿತೆ'. ಗೌರವದಿಂದೇನೂ ಅಲ್ಲ, ಕಾಲೆಳೆಯಲು. ತಪ್ಪು ಅವಳದೇ ಅನ್ನಿ. ಅಳಿಲು ಬೆಕ್ಕನ್ನು ಕಂಡರೆ ಒಂದು ಥರ ಕೂಗುತ್ತದೆ, ಹದ್ದನ್ನು ಕಂಡರೆ ಇನ್ನೊಂದು ಥರ ಎಂದು ಹದಿನೆಂಟು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವಳು. ಮನೆಯಲ್ಲಿ ಅತ್ತೆಯಂತೂ, "ನಾನು ಕೂಗಿದ್ರೆ ಕಿವಿ ಕೇಳಲ್ಲ, ಅಳಿಲು ಕೂಗಿದ್ರೆ ಅರ್ಥಾನೇ ಆಗ್ಬಿಡುತ್ತೆ!" ಎಂದು ಮೂತಿ ತಿರುವುತ್ತಿದ್ದರು.

ನಂಬಿದ್ದು ಒಬ್ಬಳೇ, ಅಳಿಲಿನ ದನಿಯ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಸಹಾಯಕ್ಕೆ ಇವರೇ ಬೇಕು ಎಂದು ಪ್ರೊಫೆಸರರ ಮುಂದೆ ಪಟ್ಟು ಹಿಡಿದಳು. ಅವರು ನಕ್ಕರು.

"ನಮ್ಮ ತೋಟದಲ್ಲೇ ವಿಡಿಯೋ ಮಾಡಿರೋ ಹತ್ತು ಕೂಗು ಕೇಳಿಸ್ತೀನಿ. ಹತ್ತೂ ಸರಿ ಹೇಳಿದ್ರೆ ಕೆಲಸ ಇವರದ್ದು. ಒಂದು ತಪ್ಪಿದ್ರೂ ವಾಪಸ್ ಪೊರಕೆಗೆ."

ಪಂಡಿತೆ ಪ್ರಯೋಗಾಲಯದ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಸ್ಪೀಕರಿನಿಂದ ಚಿಕ್-ಚಿಕ್-ಚಿಕ್ ಎಂದು ಎಡೆಬಿಡದೆ ಬಂತು.

"ಬೆಕ್ಕು. ಅದು ತೊಲಗೋ ತನಕ ಇವು ಬಾಯಿ ಮುಚ್ಚಲ್ಲ."

ಮುಂದಿನದು ಒಂದೇ ಒಂದು ಸಣ್ಣ ಕೀರಲು.

"ಹದ್ದು. ಒಂದ್ಸಲ ಕೂಗಿ ಅಡಗಿಕೊಳ್ತಾವೆ."

ಒಂಬತ್ತರವರೆಗೆ ನೀರು ಕುಡಿದಷ್ಟು ಸಲೀಸು. ಪ್ರೊಫೆಸರರ ನಗು ಅಷ್ಟರಲ್ಲಿ ಮಾಯವಾಗಿತ್ತು. ಹತ್ತನೆಯದು ಕೇಳಿದ್ದೇ ತಡ, ಅವಳು ಕಿಸಕ್ಕನೆ ನಕ್ಕುಬಿಟ್ಟಳು.

"ಇದು ಬೆಕ್ಕೂ ಅಲ್ಲ, ಹದ್ದೂ ಅಲ್ಲ ಸಾರ್. ಇದು ನಾನು!"

"ದಾಖಲೆ ಪುಸ್ತಕದಲ್ಲಿ ಬೆಕ್ಕು ಅಂತಿದೆ," ಎಂದರು ಪ್ರೊಫೆಸರ್. ಹುಡುಗಿಯ ಮುಖ ಸಪ್ಪಗಾಯಿತು.

"ಬರೆದೋರು ಯಾರು?" ಪಂಡಿತೆ ಕೇಳಿದಳು.

"ನಾನೇ," ಎಂದರು ಪ್ರೊಫೆಸರ್. "ಕಿಟಕಿ ಹತ್ರ ಕೂತು ಕೇಳಿ ಬರ್ಕೊಂಡೆ."

"ಕೇಳಿದ್ರಿ, ನೋಡ್ಲಿಲ್ಲ. ವಿಡಿಯೋ ಹಾಕಿ ಸಾರ್. ಅವು ಬಚ್ಚಿಟ್ಟ ಕಾಯಿನೆಲ್ಲ ನಾನು ಎಲೆ ಜೊತೆ ಗುಡಿಸಿ ಹಾಕ್ತೀನಿ. ಅದಕ್ಕೇ ದಿನಾ ಬೆಳಗ್ಗೆ ನನ್ನನ್ನ ಬೈತಾವೆ. ಹದಿನೆಂಟು ವರ್ಷ ತಿಂದ ಬೈಗುಳ ಗೊತ್ತಾಗಲ್ವಾ ನಂಗೆ?"

ವಿಡಿಯೋ ಹಾಕಿದರು. ಕೊಂಬೆಯ ಮೇಲೆ ಬಾಲ ಕುಣಿಸುತ್ತ ಕೂಗುವ ಅಳಿಲು. ಬೆಕ್ಕಿನ ಸುಳಿವೇ ಇಲ್ಲ. ಕೆಳಗೆ ಒಂದು ಮೂಲೆಯಲ್ಲಿ ಎಲೆ ರಾಶಿ ತಳ್ಳುತ್ತಿರುವ ಪೊರಕೆ, ಅದರ ಹಿಂದೆ ಅವಳ ನೀಲಿ ಚಪ್ಪಲಿ.

ಪ್ರೊಫೆಸರ್ 'ಬೆಕ್ಕು' ಎಂಬುದನ್ನು ಹೊಡೆದುಹಾಕಿ, ತಮ್ಮ ಕೈಯಾರೆ 'ಪೊರಕೆ' ಎಂದು ಬರೆದರು.

ಸೋಮವಾರ ಅವಳು ತೋಟಕ್ಕೆ ಬಂದಾಗ ಕೈಯಲ್ಲಿ ಪೊರಕೆಯಿರಲಿಲ್ಲ, ಕೊರಳಲ್ಲಿ ರೆಕಾರ್ಡರ್ ತೂಗುತ್ತಿತ್ತು. ಅಳಿಲುಗಳಿಗೇನು ಗೊತ್ತು? ಎಂದಿನಂತೆ ಶುರು ಹಚ್ಚಿಕೊಂಡವು. ಅವಳು ಸೊಂಟದ ಮೇಲೆ ಕೈಯಿಟ್ಟು, ಖುಷಿಯಿಂದ ಗುಂಡಿ ಒತ್ತಿದಳು.

"ಬೈಯ್ರಿ, ಬೈಯ್ರಿ. ಇನ್ಮೇಲೆ ಬೈಸ್ಕೊಳ್ಳೋದೇ ನನ್ ಕೆಲಸ."