ಪೈಪಿನ ಒಳಮೈ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗ್ಯಾಸಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಆ ಹೆಸರು ಕೇಳಿ, ಇವಳು ಅಡುಗೆ ಗ್ಯಾಸಿನವಳೆಂದು ತಿಳಿದು, "ಅಕ್ಕಾ, ಮನೇಲಿ ಸಿಲಿಂಡರ್ ಖಾಲಿಯಾಗಿದೆ, ಒಂದು ಕೊಡಿಸ್ತೀರಾ?" ಎಂದು ಕೇಳಿ ಪೇಚಿಗೆ ಸಿಕ್ಕಿಕೊಂಡದ್ದೂ ಉಂಟು. ಅವಳು ನೋಡಿಕೊಳ್ಳುತ್ತಿದ್ದ ಗ್ಯಾಸೇ ಬೇರೆ. ಅದು ಉರಿಯುವುದಿಲ್ಲ, ನಾರುವುದಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ. ಆರ್ಗಾನ್ ಎಂದು ಅದರ ಹೆಸರು. ಅದಿಲ್ಲದೆ ಅಲ್ಲಿ ಒಂದು ಕೆಲಸವೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಸ್ಪೋರ್ಟ್ಸ್ ಕಾರುಗಳ ಹೊಗೆಕೊಳವೆ. ಹೀಗೆಂದರೆ ಯಜಮಾನರ ಮುಖ ಕೆಂಪಾಗುತ್ತಿತ್ತು. "ಎಕ್ಸಾಸ್ಟ್ ಅನ್ರಪ್ಪ, ಇದೇನು ಒಲೆ ಮೇಲಿನ ಚಿಮಣಿನಾ?" ಕಾರಿನ ಜೊತೆ ಬಂದ ಉಕ್ಕಿನ ಎಕ್ಸಾಸ್ಟು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೂ ಅದನ್ನು ಬಿಚ್ಚಿ ಮೂಲೆಗೆಸೆದು, ಟೈಟಾನಿಯಂನದೇ ಬೇಕು ಎಂದು ಹಟ ಹಿಡಿಯುವ ಪುಣ್ಯಾತ್ಮರು ಲೋಕದಲ್ಲಿದ್ದಾರೆ. ತೂಕ ಕಡಿಮೆಯಾಗುತ್ತದೆ ಎಂದು ಬಾಯಲ್ಲಿ ಹೇಳುತ್ತಾರೆ. ನಿಜವಾಗಿ ಅವರಿಗೆ ಬೇಕಾದದ್ದು ಸದ್ದು. ಬೆಲೆ ಮಾತ್ರ ಕೇಳಬೇಡಿ, ಸುಮ್ಮನೆ ಹೊಟ್ಟೆ ಉರಿ.

ಟೈಟಾನಿಯಂ ಬಲು ವಿಚಿತ್ರ ಲೋಹ. ತಣ್ಣಗಿರುವಾಗ ಯಾರ ತಂಟೆಗೂ ಹೋಗುವುದಿಲ್ಲ. ಕಾದು ಕೆಂಪಾಯಿತೋ, ಸುತ್ತಲಿನ ಗಾಳಿಯನ್ನೆಲ್ಲ ಹೀರಿಕೊಂಡು ಪೆಡಸಾಗಿ, ಮುಂದೊಂದು ದಿನ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೇ ವೆಲ್ಡಿಂಗ್ ಮಾಡುವಾಗ ಗಾಳಿ ಸೋಕದಂತೆ ಪೈಪಿನ ಹೊರಗೂ ಆರ್ಗಾನ್ ಬಿಡಬೇಕು, ಒಳಗೂ ತುಂಬಬೇಕು. ಹೊರಗಿನದನ್ನು ವೆಲ್ಡರನ ಕೈಯಲ್ಲಿರುವ ಬೆಸುಗೆಯ ಟಾರ್ಚೇ ನೋಡಿಕೊಳ್ಳುತ್ತದೆ. ಒಳಗಿನದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಪೈಪಿನ ಎರಡೂ ಬಾಯಿಗೆ ಟೇಪು ಸುತ್ತಿ, ಒಂದು ಕಡೆಯಿಂದ ಗ್ಯಾಸಿನ ನಳಿಕೆ ತೂರಿಸಿ, ಇನ್ನೊಂದು ಕಡೆ ಸೂಜಿಯಿಂದ ಕಿಂಡಿ ಮಾಡಿ, ಕಿಂಡಿಯ ಬಳಿ ಲೈಟರ್ ಹಿಡಿದು ಕಾಯಬೇಕು. ಲೈಟರಿನ ಉರಿ ತಾನಾಗಿ ಆರಿಹೋದರೆ ಒಳಗಿನ ಗಾಳಿಯೆಲ್ಲ ಹೊರಟುಹೋಗಿದೆ ಎಂದರ್ಥ. ಆಗ "ಹೂಂ" ಎನ್ನಬೇಕು. ಅಲ್ಲಿಯವರೆಗೆ ವೆಲ್ಡರು ಎಂಥ ಶೂರನಾದರೂ ಕೈಕಟ್ಟಿ ಕೂತಿರಬೇಕು.

ಆ "ಹೂಂ" ಎನ್ನುತ್ತಿದ್ದವಳು ಗ್ಯಾಸಕ್ಕ. ಕೈಕಟ್ಟಿ ಕೂತಿರುತ್ತಿದ್ದವನು ಅವಳ ಬೆನ್ನಿಗೆ ಬಿದ್ದ ತಮ್ಮ.

ತಮ್ಮ ಎಡಚ. ಕಾರ್ಖಾನೆಯಲ್ಲಿ ಅವನ ಹೆಸರೂ ಅದೇ ಆಗಿತ್ತು. ವೆಲ್ಡಿಂಗ್‌ನಲ್ಲಿ ಎತ್ತಿದ ಕೈ. ಅವನು ಲೋಹಕ್ಕೆ ಹಾಕಿದ ಹೊಲಿಗೆ ನೋಡಿದರೆ ನಾಣ್ಯಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿದ ಹಾಗಿರುತ್ತಿತ್ತು. ಉಳಿದವರ ನಾಣ್ಯ ಒಂದು ಕಡೆ ವಾಲಿದರೆ ಇವನದು ಇನ್ನೊಂದು ಕಡೆ. ಹೊಲಿಗೆಯ ಕೊನೆಗೆ ಬಂದಾಗ ಸುಮ್ಮನೆ ಮುಗಿಸದೆ, ಬಂದ ದಾರಿಯಲ್ಲೇ ಹಿಂದಕ್ಕೆ ಎರಡು ಬೊಟ್ಟು ಇಡುತ್ತಿದ್ದ. ಯಾಕೋ ಎಂದರೆ, "ಸುಮ್ನೆ, ಚೆಂದಕ್ಕೆ" ಎನ್ನುತ್ತಿದ್ದ. ಎಲ್ಲ ಸರಿ, ಕಾಯುವುದೊಂದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ.

"ಅಕ್ಕಾ, ಆಯ್ತಾ?"

"ಇಲ್ಲ."

"ಈಗ?"

"ಬಾಯಿ ಮುಚ್ಕೊಂಡು ಕೂತ್ಕೊಳೋ."

"ಹೊರಗಡೆ ಮಾತ್ರ ತಾನೇ ಜನ ನೋಡೋದು? ಒಳಗೆ ಯಾರು ತಲೆ ತೂರಿಸ್ತಾರೆ?"

ಅವಳು ಅವನ ಮೊಣಕೈಗೊಂದು ಏಟು ಹಾಕುತ್ತಿದ್ದಳು. ಅವನು ನಗುತ್ತಿದ್ದ. "ಹುಟ್ಟೋವಾಗ್ಲೇ ಏಳನೇ ತಿಂಗಳಿಗೆ ಬಂದೋನು, ಇನ್ನೇನು ಕಾಯ್ತಾನೆ" ಎಂದು ಮನೆಯಲ್ಲಿ ಅಮ್ಮ ರಾಗ ಎಳೆಯುತ್ತಿದ್ದಳು.

ಹೀಗಿದ್ದವನು ಒಂದು ದಿನ ಗೆಳೆಯನೊಬ್ಬನ ಜೊತೆ ಸೇರಿ ದೊಡ್ಡ ಪಟ್ಟಣದಲ್ಲಿ ಸ್ವಂತ ಕಾರ್ಖಾನೆ ಹಾಕುತ್ತೇನೆಂದು ಹೊರಟು ನಿಂತ. ಅಕ್ಕ ಬಸ್ಸಿನವರೆಗೆ ಹೋದಳು. "ಬೋರ್ಡ್ ಹಾಕಿದ ದಿನಾನೇ ಬಂದು ನಿನ್ನ ಕರ್ಕೊಂಡು ಹೋಗ್ತೀನಿ. ನಾನು ವೆಲ್ಡಿಂಗು, ನೀನು ಗ್ಯಾಸು. ಬೋರ್ಡಲ್ಲಿ ನಿನ್ನ ಹೆಸರೇ ಮೊದಲು," ಎಂದ. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ, ಎತ್ತಿ ಆಡಿಸಿದ ತಮ್ಮ.

ಮೊದಮೊದಲು ಫೋನು ಬರುತ್ತಿತ್ತು. ಜಾಗ ನೋಡುತ್ತಿದ್ದೇನೆ ಎಂದ. ಮಷಿನು ಬಂತು ಎಂದ. ಆಮೇಲೆ ಕೆಲಸ ತುಂಬಾ ಇದೆ ಎಂದ. ಆಮೇಲೆ ಏನೂ ಅನ್ನಲಿಲ್ಲ. ನಂಬರೇ ಬದಲಾಗಿಹೋಯಿತು. ಅವನ ಕೈಯ ಎಕ್ಸಾಸ್ಟಿನ ಫೋಟೋ ಯಾರದೋ ಮೊಬೈಲಿನಲ್ಲಿ ನೋಡಿದೆವೆಂದು ಆಗೊಮ್ಮೆ ಈಗೊಮ್ಮೆ ಯಾರಾದರೂ ಹೇಳುತ್ತಿದ್ದರು, ಅಷ್ಟೆ. ಅಮ್ಮ ಆ ಚೂರುಪಾರು ಸುದ್ದಿಗೆ ರೆಕ್ಕೆಪುಕ್ಕ ಕಟ್ಟಿ, ಮಗ ಈಗ ದೊಡ್ಡ ಕಾರ್ಖಾನೆಯ ಮಾಲೀಕ, ಕೆಳಗೆ ಎಷ್ಟು ಜನ ಇದ್ದಾರೋ ಲೆಕ್ಕವೇ ಇಲ್ಲ ಎಂದು ಪಕ್ಕದ ಮನೆಯವರ ಕಿವಿ ತೂತಾಗುವಷ್ಟು ಹೇಳುತ್ತಿದ್ದಳು.

ಎಡಚ ಹೋದ ಮೇಲೆ ಯಜಮಾನರು ಟಾರ್ಚನ್ನು ಗ್ಯಾಸಕ್ಕನ ಕೈಗೇ ಕೊಟ್ಟರು. ಕಲಿತಳು, ಕೈ ಸುಟ್ಟುಕೊಂಡಳು, ಇನ್ನಷ್ಟು ಕಲಿತಳು. ಹೆಸರು ಮಾತ್ರ ಬದಲಾಗಲಿಲ್ಲ. ಈಗ ಅವಳಿಗೆ "ಹೂಂ" ಎನ್ನಲು ಬೇರೆ ಯಾರೋ ಇದ್ದರು. ಆ "ಹೂಂ" ಕೇಳಿದಾಗಲೆಲ್ಲ ಅವಳಿಗೆ ತಮ್ಮನ "ಅಕ್ಕಾ, ಆಯ್ತಾ?" ನೆನಪಾಗುತ್ತಿತ್ತು. ಗೇಟಿನ ಮುಂದೆ ಯಾವ ಗಾಡಿ ನಿಂತರೂ ವೆಲ್ಡಿಂಗ್ ಹೆಲ್ಮೆಟ್ ಎತ್ತಿ ಒಮ್ಮೆ ನೋಡುವಳು. ಮನೆಗೆ ಬಣ್ಣ ಹೊಡೆಸೋಣವೇ ಎಂದರೆ, "ಅವನು ಬರ್ಲಿ." ಒಳ್ಳೆಯ ಕಡೆಯಿಂದ ಸಂಬಂಧ ಬಂದರೆ, "ಅವನು ಬರ್ಲಿ, ನೋಡೋಣ." ಸಂಬಂಧಗಳು ಎಷ್ಟೆಂದು ಬರುತ್ತವೆ? ಬರುವುದನ್ನು ನಿಲ್ಲಿಸಿದವು. ಕಾಯುವುದೇ ಗೊತ್ತಿಲ್ಲದವನು ಅವಳನ್ನು ಹೀಗೆ ಕಾಯಿಸಿಬಿಟ್ಟ!

ಯಜಮಾನರಿಗೂ ವಯಸ್ಸಾಯಿತು, ಕಣ್ಣು ಮಂಜಾಯಿತು. "ನೋಡಮ್ಮ, ನನ್ನ ಜೊತೆ ಪಾಲಿಗೆ ಸೇರ್ಕೋ. ಹೊಸ ಬೋರ್ಡ್ ಬರೆಸ್ತಾ ಇದೀನಿ, ನಿನ್ನ ಹೆಸರೂ ಹಾಕಿಸ್ತೀನಿ," ಎಂದು ಬೆನ್ನು ಬಿದ್ದರು. ಸೇರಿಕೊಂಡರೆ ಇಲ್ಲೇ ಬೇರು ಬಿಟ್ಟ ಹಾಗೆ. ತಮ್ಮ ಬಂದು ಕರೆದರೆ ಹೊರಡುವುದಕ್ಕಾಗುವುದಿಲ್ಲ. ಅವಳು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡುತ್ತಲೇ ಬಂದಳು.

ಆ ಬೆಳಿಗ್ಗೆ ಲಾರಿಯೊಂದು ಬೂದುಬಣ್ಣದ ಕಾರನ್ನು ಬೆನ್ನ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿತು. ಕಾರಿನವರು ಹಲ್ಲಿನ ಡಾಕ್ಟರಮ್ಮ, ಈಚೆಗಷ್ಟೇ ಈ ಊರಿಗೆ ಬಂದು ಕ್ಲಿನಿಕ್ಕು ತೆರೆದವರು, ಸಂಜೆ ತಾವೇ ಬರುತ್ತಾರಂತೆ ಎಂದು ಲಾರಿಯವನು ಹೇಳಿ ಹೋದ. ಕಾರನ್ನು ಮೇಲಕ್ಕೆತ್ತಿದರು. ಗ್ಯಾಸಕ್ಕ ಕೆಳಗೆ ನಿಂತು ನೋಡಿದಳು. ಟೈಟಾನಿಯಂ ಎಕ್ಸಾಸ್ಟು. ಬಾಗಿದ ಕಡೆ ಹೊಲಿಗೆಯುದ್ದಕ್ಕೂ ಸೀಳು ಬಿಟ್ಟಿತ್ತು. ಬಟ್ಟೆ ತೆಗೆದುಕೊಂಡು ಮಸಿ ಒರೆಸಿದಳು. ಒರೆಸುತ್ತಿದ್ದ ಕೈ ಹಾಗೇ ನಿಂತಿತು.

ನಾಣ್ಯಗಳೆಲ್ಲ ಇನ್ನೊಂದು ಕಡೆ ವಾಲಿದ್ದವು. ಕೊನೆಯಲ್ಲಿ ಹಿಂದಕ್ಕೆ ಎರಡು ಬೊಟ್ಟು.

ಬೆರಳಿಟ್ಟು ಸವರಿದಳು. ಯಜಮಾನರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, "ಅಯ್ಯೋ, ಇದು ನಮ್ಮ ಎಡಚನ ಕೈ ಅಲ್ವೇನೇ!" ಎಂದರು. ಎಂಥ ಹೊಲಿಗೆ ಅಂತೀರಿ! ಬೆಳ್ಳಿಯ ಮೇಲೆ ತೆಳ್ಳಗೆ ಹೊನ್ನಿನ ಬಣ್ಣ, ಒಂದು ಬೊಟ್ಟೂ ಹೆಚ್ಚುಕಮ್ಮಿಯಿಲ್ಲ. ಇಲ್ಲಿದ್ದಾಗಿನದಕ್ಕಿಂತ ಚೆನ್ನಾಗಿತ್ತು. ಅವಳಿಗೆ ಮೊದಲು ಹೆಮ್ಮೆಯಾಯಿತು. ಅದರ ಹಿಂದೆಯೇ ದುಃಖ ಉಕ್ಕಿ ಬಂತು. ಹಾಗಾದರೆ ಅಮ್ಮ ಹೇಳುತ್ತಿದ್ದದ್ದೇ ನಿಜ. ಇಷ್ಟು ಚೆನ್ನಾಗಿದ್ದಾನೆ, ಇಷ್ಟು ಬೆಳೆದಿದ್ದಾನೆ, ಅಕ್ಕನೊಬ್ಬಳಿದ್ದಾಳೆ ಎನ್ನುವುದು ಮಾತ್ರ ನೆನಪಿಲ್ಲ.

"ದೊಡ್ಡ ಮನುಷ್ಯ ಆಗಿದಾನೆ ಬಿಡಿ," ಎಂದಳು. "ಬೋರ್ಡಿನವನಿಗೆ ನನ್ನ ಹೆಸರು ಬರೀಲಿಕ್ಕೆ ಹೇಳಿ. ನಾನು ಇಲ್ಲೇ ಇರ್ತೀನಿ. ಇನ್ನು ಯಾರಿಗೂ ಕಾಯಲ್ಲ."

ಯಜಮಾನರು ಬೋರ್ಡಿನವನ ನಂಬರ್ ಹುಡುಕತೊಡಗಿದರು.

ಸೀಳಿದ ಪೈಪನ್ನು ಬಿಚ್ಚಿ ಮೇಜಿಗೆ ತಂದಳು. ಕತ್ತರಿಸಲೇಬೇಕು, ಬೇರೆ ದಾರಿಯಿಲ್ಲ. ಅವನ ಹೊಲಿಗೆಯ ಮೇಲೆ ಗರಗಸ ಇಡಲು ಮನಸ್ಸು ಬಾರದೆ ಅದನ್ನೇ ಇನ್ನೊಮ್ಮೆ ಬಟ್ಟೆಯಿಂದ ಒರೆಸಿದಳು. ಆಮೇಲೆ ಹಲ್ಲು ಕಚ್ಚಿ ಇಟ್ಟಳು. ತುಂಡು ಕೈಗೆ ಬಂತು. ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದಳು.

ಒಳಗೆ ಹೊನ್ನೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಹೊಲಿಗೆಯ ಹಿಂಬದಿ ಪೂರ್ತಿ ಬೂದಿ. ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರುತ್ತಿತ್ತು. ಮುಂದಿನ ಹೊಲಿಗೆ ನೋಡಿದಳು, ಅದೂ ಹಾಗೆಯೇ. ಅದರ ಮುಂದಿನದೂ. ಒಂದಕ್ಕೂ ಒಳಗೆ ಗ್ಯಾಸ್ ಬಿಟ್ಟಿರಲಿಲ್ಲ. ಲೈಟರ್ ಹಿಡಿಯುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಳಗೆ ಅಷ್ಟು ಜನ ಇಟ್ಟುಕೊಂಡ ಮಾಲೀಕನ ಕೆಲಸವಲ್ಲ ಇದು. ಒಬ್ಬನೇ ಕೂತು, ನೋಡುವವರಿಗೆ ಹೊರಗಿನದೊಂದು ಚೆಂದ ಕಂಡರೆ ಸಾಕೆಂದು ದಿನ ದೂಡುತ್ತಿರುವವನ ಕೆಲಸ.

ಅವಳು ತುಂಡು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಅವನ ಮೇಲೆ ಏನೇನು ಸಿಟ್ಟು ಕಟ್ಟಿಕೊಂಡಿದ್ದಳು! ಮರೆತ, ದೊಡ್ಡವನಾದ, ಸೊಕ್ಕು ಬಂತು ಎಂದು ಒಳಗೊಳಗೇ ಬೈದದ್ದೇ ಬೈದದ್ದು. ಅವನು ಬಾರದಿದ್ದದ್ದು ಸೊಕ್ಕಿನಿಂದಲ್ಲ, ನಾಚಿಕೆಯಿಂದ. ಅವನನ್ನು ಈ ಕ್ಷಣವೇ ನೋಡಬೇಕು, ತಲೆ ಸವರಬೇಕು ಎನ್ನಿಸಿತು.

"ಯಜಮಾನರೇ, ಹೆಸರು ಈಗಲೇ ಬರೆಸ್ಬೇಡಿ."

"ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನನ್ನೇನು ಆಟ ಆಡಿಸ್ತಾ ಇದೀಯಾ?" ಎನ್ನುತ್ತ ಹತ್ತಿರ ಬಂದವರು, ಅವಳ ಕೈಯಲ್ಲಿದ್ದ ತುಂಡಿನ ಒಳಗೆ ಬೆರಳು ಹಾಕಿ ತಡವಿದರು. ಬೆರಳಿಗೆ ಅಂಟಿದ ಬೂದಿ ನೋಡಿ, "ಬೋರ್ಡ್ ಎಲ್ಲಿ ಓಡಿ ಹೋಗತ್ತೆ, ಬಿಡು," ಎಂದರು.

ಸಂಜೆ ಡಾಕ್ಟರಮ್ಮ ಬಂದರು. ಬಿರುಸಿನ ನಡಿಗೆ, ಅರಳು ಹುರಿದ ಹಾಗೆ ಮಾತು. ಕಾರಿಗೆ ಏನಾಯಿತು ಎಂದು ಅವರು ಕೇಳುವ ಮೊದಲೇ ಗ್ಯಾಸಕ್ಕ ಕೇಳಿದಳು:

"ಇದನ್ನ ಮಾಡಿದವನು ಎಲ್ಲಿದಾನೆ?"

"ಓ, ಅವನಾ? ನಾನು ಮೊದಲಿದ್ದ ಊರಲ್ಲಿ. ಪಾಪ, ಒಳ್ಳೆ ಹುಡುಗ. ಊರು ಬಿಡ್ತೀನಿ ಅಂದಾಗ ಅವನೇ ಹೇಳಿದ್ದು, ಇದು ಯಾವತ್ತಾದ್ರೂ ಸೀಳು ಬಿಟ್ರೆ ಬೇರೆ ಯಾರ ಕೈಗೂ ಕೊಡ್ಬೇಡಿ, ಇಂಥ ಕಾರ್ಖಾನೇಲಿ ಅಕ್ಕ ಅಂತ ಇದಾರೆ, ಅವರ ಹತ್ರಾನೇ ತಗೊಂಡು ಹೋಗಿ ಅಂತ. ನೀವೇನಾ ಆ ಅಕ್ಕ?"

ಗ್ಯಾಸಕ್ಕ ತಲೆಯಾಡಿಸಿದಳು. ಇದು ಸೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೀಳಿದರೆ ಅಕ್ಕ ಕತ್ತರಿಸುತ್ತಾಳೆ, ಕತ್ತರಿಸಿದರೆ ನೋಡುತ್ತಾಳೆ ಎನ್ನುವುದೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲಾರದ್ದನ್ನು ಕಾರಿನ ಹೊಟ್ಟೆಗೆ ಕಟ್ಟಿ ಕಳಿಸಿದ್ದ ಮಹಾರಾಯ.

"ನಂಬರ್ ಇದೆಯಾ?" ಎಂದು ಕೇಳಿದಳು.

ಡಾಕ್ಟರಮ್ಮ ತಾವೇ ನಂಬರ್ ಒತ್ತಿ ಫೋನನ್ನು ಅವಳ ಕೈಗಿತ್ತರು. ಎರಡು ಸಲ ರಿಂಗಾಗುವಷ್ಟರಲ್ಲಿ ಆ ಕಡೆಯಿಂದ ಅದೇ ಧ್ವನಿ, ಸ್ವಲ್ಪ ಒಡೆದಿತ್ತು: "ಹೇಳಿ ಮೇಡಂ. ಸೀಳ್ತಾ? ಅಕ್ಕನ ಹತ್ರ ಹೋದ್ರಾ?"

"ಬಂದ್ರು," ಎಂದಳು.

ಆ ಕಡೆ ಎಲ್ಲೋ ಟೈರಿಗೆ ಗಾಳಿ ತುಂಬುವ ಸದ್ದು ಕೇಳಿಸುತ್ತಿತ್ತು.

"ಅಕ್ಕಾ."

"ಲೋ ಕತ್ತೆ."

"ಬೈಯಿ ಅಕ್ಕ, ಎಷ್ಟು ಬೇಕಾದ್ರೂ ಬೈಯಿ."

"ಒಬ್ನೇ ಇದೀಯೇನೋ?"

"ಒಬ್ನೇ. ಜೊತೆಗೆ ಸೇರಿದ್ದ ಗೆಳೆಯ ಮೊದಲನೇ ವರ್ಷಾನೇ ಕೈ ಕೊಟ್ಟ. ಟೈರ್ ಅಂಗಡಿ ಹಿಂದೆ ಒಂದು ಮೂಲೆ ಬಿಟ್ಟುಕೊಟ್ಟಿದಾರೆ. ಮೊದಮೊದಲು ನಾನೇ ಲೈಟರ್ ಹಿಡ್ಕೊಂಡು ಓಡಾಡ್ತಿದ್ದೆ ಅಕ್ಕ. ಆಮೇಲೆ ಬೇಜಾರಾಗಿ ಬಿಟ್ಬಿಟ್ಟೆ. ಬೋರ್ಡ್ ಹಾಕಿ ಕರೀತೀನಿ ಅಂದಿದ್ದೆ. ಬೋರ್ಡೇ ಇಲ್ಲ. ಯಾವ ಮುಖ ಇಟ್ಕೊಂಡು ಕರೀಲಿ?"

"ನಾನು ಯಾವತ್ತಾದ್ರೂ ಬೋರ್ಡ್ ಕೇಳಿದ್ನೇನೋ?"

ಅವನು ಅಳುತ್ತಿದ್ದ. ಅವಳೂ ಅಳುತ್ತಿದ್ದಳು, ಸೆರಗಿಗೆ ಕೈ ಹೋಗದೆ ಮಸಿ ಮೆತ್ತಿದ ಕೈಗವಸಿನಿಂದಲೇ ಮುಖ ಒರೆಸಿಕೊಂಡಳು. ಡಾಕ್ಟರಮ್ಮ ಅಂಗಳದ ಕಡೆಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡರು. ಯಜಮಾನರು ಗ್ಯಾಸ್ ಸಿಲಿಂಡರಿನ ಕೀಲಿಯನ್ನು ಸುಮ್ಮಸುಮ್ಮನೆ ತಿರುಗಿಸಿ ನೋಡತೊಡಗಿದರು.

"ನಾಳೆ ಮೊದಲನೇ ಬಸ್ಸಿಗೆ ಹೊರಡ್ತೀನಿ," ಎಂದಳು.

"ಬೇಡ ಅಕ್ಕ, ಬರಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನಾನು ಇರೋದನ್ನ ನೀನು ನೋಡಬೇಡ."

"ಒಳಗಡೆ ನೋಡಿ ಆಯ್ತಲ್ಲೋ," ಎಂದಳು ಅಕ್ಕ. "ಅಡ್ರೆಸ್ ಹೇಳು."