ಐವತ್ತಕ್ಕೆ ಇಪ್ಪತ್ತೊಂದು

ಕಳೆದ ಶುಕ್ರವಾರ ಸಂಜೆ ಮಗಳು ಮೈಕ್ರೋವೇವ್‌ನಿಂದ ಪಾಪ್‌ಕಾರ್ನ್ ಪೊಟ್ಟಣ ತೆಗೆದು ನನ್ನ ಮುಖದ ಹತ್ತಿರವೇ ಹರಿದಳು. ಬಿಸಿ ಆವಿಯ ಜೊತೆ ಬೆಣ್ಣೆಯ ವಾಸನೆ ಗಪ್ಪೆಂದು ಬಡಿಯಿತು. ನಿಜವಾದ ಬೆಣ್ಣೆಯದಲ್ಲ, ಬೆಣ್ಣೆಯ ಹಾಗೆ ನಟಿಸುವ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ನನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದೆ. "ವಾ ಎ ದೇ, ಅಮ್ಮಾ?" ಎಂದಳು ಮಗಳು. ಏನಾಯಿತು ಎಂದು ಅವಳು ಕೇಳುವುದು ಸ್ವೀಡಿಷಿನಲ್ಲೇ. "ಏನೂ ಇಲ್ಲ" ಅಂದೆ. ಅಂದ ಮೇಲೆ ಆ ಎರಡು ಮಾತೇ ಚುಚ್ಚಿತು. ಇದೇ ವಾಸನೆಯ ಮುಂದೆ ನಿಂತು ಇದೇ ಎರಡು ಮಾತನ್ನು ಹಿಂದೊಮ್ಮೆ ಹೇಳಿದ್ದೆ... ಉಪ್ಸಾಲಾದಲ್ಲಿ, ನಮ್ಮ ಕೆಳಮನೆಯವರಿಗೆ.

ಎರಡು ಸಾವಿರದ ಐದರ ಆಸುಪಾಸು. ನನ್ನ ಗಂಡ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬಂದಿದ್ದರು. ನಾನು ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡಿದ್ದವಳು. ಉಪ್ಸಾಲಾದಲ್ಲಿ ಬೆಳಿಗ್ಗೆ ಸ್ವೀಡಿಷ್ ಕ್ಲಾಸು, ಮಧ್ಯಾಹ್ನದ ಮೇಲೆ ಉತ್ತರ ಬಾರದ ಕೆಲಸದ ಅರ್ಜಿಗಳು. ಮೂರು ಮಹಡಿಯ ಕಟ್ಟಡ, ನಮ್ಮದು ಎರಡನೆಯದು. ಕೆಳಮನೆಯವರು ಎಪ್ಪತ್ತು ದಾಟಿದ, ಅಗಲ ಭುಜದ ಹೆಂಗಸು. ಮೂವತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವರಾಗಿದ್ದು ನಿವೃತ್ತರಾದವರು. ಒಂಟಿ. ನೋಡಿದರೆ ನಗುವವರಲ್ಲ.

ಒಂದು ದಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಇಳಿದರೆ ಒಣಗಿಸುವ ಯಂತ್ರದಿಂದ ಸುಟ್ಟ ವಾಸನೆ. ಕೆಳಮನೆಯವರು ಅದರ ಪಕ್ಕದಲ್ಲೇ ನಿಂತು ಆರಾಮಾಗಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದರು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಒಳಗೆ ಒಂದು ಟವೆಲ್ ಕಂದಾಗಿ ಸೀದುಹೋಗಿತ್ತು. ಅವರು ಆ ಟವೆಲನ್ನೂ ನನ್ನನ್ನೂ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಮಾರನೆಯ ದಿನ ನಮ್ಮ ಬಾಗಿಲು ತಟ್ಟಿ, ಕೈಯಲ್ಲಿದ್ದ ಗಾಜಿನ ಲೋಟ ಚಾಚಿದರು. "ಇದರ ವಾಸನೆ ಏನು, ಹೇಳು."

ಬಿಯರ್. ನಮ್ಮ ಮನೆಯಲ್ಲಿ ಯಾರೂ ಅದರ ಹೆಸರೂ ಎತ್ತುತ್ತಿರಲಿಲ್ಲ. ಕುಡಿಯುವುದಿಲ್ಲ ಎಂದೆ. "ಕುಡಿ ಅಂತ ಯಾರು ಹೇಳಿದರು? ಮೂಸು." ಮೂಸಿದೆ. ಹಸಿರು ಸೇಬು ಎಂದೆ, ನನ್ನ ಹರಕು ಸ್ವೀಡಿಷಿನಲ್ಲಿ. ಬಿಯರಿನಲ್ಲಿ ಅದು ಕೆಟ್ಟ ಗುರುತು ಎಂದು ನನಗಾಗ ಗೊತ್ತಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಸೀದಾ ನಮ್ಮ ಅಡುಗೆಮನೆಗೆ ನಡೆದು, ಆ ಲೋಟವನ್ನು ನಮ್ಮ ಸಿಂಕಿಗೇ ಸುರಿದರು.

ಎರಡು ಚಳಿಗಾಲದ ಹಿಂದೆ ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ತಲೆಯ ಹಿಂಭಾಗ ಬಡಿದುಕೊಂಡಿದ್ದರಂತೆ. ಆಸ್ಪತ್ರೆಯಿಂದ ಮನೆಗೆ ಬಂದು ಕಾಫಿ ಮಾಡಿಕೊಂಡರೆ ಕಾಫಿಗೆ ವಾಸನೆಯೇ ಇರಲಿಲ್ಲ. ಆಮೇಲೆ ಯಾವುದಕ್ಕೂ ಇರಲಿಲ್ಲ. ನಾಲಿಗೆಗೆ ಸಿಹಿ, ಕಹಿ, ಹುಳಿ, ಉಪ್ಪು ತಿಳಿಯುತ್ತಿತ್ತು, ಅಷ್ಟೇ. ಮನೆಯಲ್ಲಿ ಬಿಯರ್ ಮಾಡುವುದು ಅವರ ತಾಯಿಯಿಂದ ಬಂದ ವಿದ್ಯೆ. ಊರಿನ ಹವ್ಯಾಸಿಗಳ ಕೂಟದಲ್ಲಿ ಅವರೊಬ್ಬರೇ ಹೆಂಗಸು. ಸ್ಪರ್ಧೆಗಳಲ್ಲಿ ತೀರ್ಪುಗಾರರೂ ಆಗಿದ್ದರು. ಬಿದ್ದ ಮೇಲೆ, ಮೊಣಕಾಲು ನೋವು, ಅಷ್ಟು ಹೊತ್ತು ಕೂರಲಾಗುವುದಿಲ್ಲ ಎಂದು ಹೇಳಿ ಆ ಕೆಲಸ ಬಿಟ್ಟರು. ನಿಜವನ್ನು ಯಾರಿಗೂ ಹೇಳಿರಲಿಲ್ಲ. "ಹೇಳಿದರೆ ಅವರೆಲ್ಲ ನನ್ನ ಹತ್ತಿರ ದನಿ ಮೆತ್ತಗೆ ಮಾಡಿಕೊಂಡು ಮಾತಾಡ್ತಾರೆ," ಎಂದರು. "ಅದು ನನಗೆ ಬೇಡ."

ಅವತ್ತಿನಿಂದ ಮಧ್ಯಾಹ್ನಗಳಲ್ಲಿ ನಾನು ಅವರ ಮೂಗಾದೆ.

ಅವರ ಅಡುಗೆಮನೆಯಲ್ಲಿ ಒಂದು ದಪ್ಪ ಫೈಲಿತ್ತು. ಹಳೆಯ ಅಂಕಪಟ್ಟಿಗಳು. ಒಂದು ಬಿಯರಿಗೆ ಮೂವರು ತೀರ್ಪುಗಾರರು, ಒಬ್ಬೊಬ್ಬರದೂ ಒಂದೊಂದು ಹಾಳೆ, ಮೂರರ ಸರಾಸರಿಯೇ ಕಡೆಯ ಅಂಕ. ಒಟ್ಟು ಐವತ್ತು ಅಂಕ: ವಾಸನೆಗೆ ಹನ್ನೆರಡು, ನೋಟಕ್ಕೆ ಮೂರು, ರುಚಿಗೆ ಇಪ್ಪತ್ತು, ಬಾಯಲ್ಲಿ ಕೂರುವ ಬಗೆಗೆ ಐದು, ಒಟ್ಟಾರೆಗೆ ಹತ್ತು. ನಾನು ಮೊದಲ ಹಾಳೆ ಹಿಡಿದು ನೇರ ಕೆಳಗಿನ ಮೊತ್ತಕ್ಕೆ ಕಣ್ಣು ಹಾಯಿಸಿದೆ. ಪರೀಕ್ಷೆ ಬರೆದು ಬೆಳೆದವರ ಚಾಳಿ. ಕೆಳಮನೆಯವರು ತಮ್ಮ ಅಗಲ ಅಂಗೈಯಿಂದ ಆ ಮೊತ್ತವನ್ನು ಮುಚ್ಚಿಬಿಟ್ಟರು. "ಮೊದಲು ಬರೆದದ್ದು ಓದು. ಅಂಕದಲ್ಲಿ ತೀರ್ಪುಗಾರನ ಹಸಿವು, ನಿದ್ದೆ, ಹಿಂದೆ ಕುಡಿದ ಲೋಟ ಎಲ್ಲ ಸೇರಿರುತ್ತೆ. ಇಬ್ಬರು ಒಂದೇ ಮಾತು ಬರೆದಿದ್ದರೆ ನಂಬು. ಮೂವರೂ ಬರೆದಿದ್ದರೆ ತಲೆ ತಗ್ಗಿಸು."

ಬೀಳುವ ಮೊದಲಿನ ಹಾಳೆಗಳಲ್ಲಿ ಮೂವತ್ತೆಂಟು, ನಲವತ್ತೊಂದು. ಆಮೇಲಿನ ಎರಡರಲ್ಲಿ ಹತ್ತೊಂಬತ್ತು, ಇಪ್ಪತ್ತಮೂರು. ಒಂದರ ಅಂಚಿನಲ್ಲಿ ಯಾರೋ ಬರೆದಿದ್ದರು: "ಕಳಿಸುವ ಮೊದಲು ನೀವೇ ಒಮ್ಮೆ ರುಚಿ ನೋಡಿದ್ದಿರಾ?" ಆ ಸಾಲಿನ ಕೆಳಗೆ ಪೆನ್ಸಿಲಿನ ಗೀಟು. ಎಳೆದವರು ಕೆಳಮನೆಯವರೇ.

ನನಗೆ ಪಾಠ ಶುರುವಾಯಿತು. ಮುಚ್ಚಳದ ಸೀಸೆಗಳಲ್ಲಿ ಬೇಯಿಸಿದ ಮೆಕ್ಕೆಜೋಳದ ನೀರು, ಲವಂಗ, ಒದ್ದೆ ರಟ್ಟು, ಬೆಣ್ಣೆ. ನಾನು ಕಣ್ಣು ಮುಚ್ಚಿ ಮೂಸಿ ಹೇಳಬೇಕು. ಪ್ರತಿಯೊಂದೂ ಬಿಯರಿನಲ್ಲಿ ಒಂದೊಂದು ತಪ್ಪಿನ ಗುರುತು. ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಬೆಣ್ಣೆ ವಾಸನೆಯೂ ತಪ್ಪು ಎಂದು ಒಪ್ಪಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಸಂಜೆ ಗಂಡ ಮನೆಗೆ ಬಂದು, "ಏನೇ ಇದು, ಕೂದಲೆಲ್ಲ ಬಾರ್ಲಿ ಗಂಜಿ ವಾಸ್ನೆ ಹೊಡೀತಿದೆ! ಎಂಎಸ್ಸಿ ಮಾಡಿ ಬ್ರೂವರಿ ಸೇರ್ಕೊಂಡ್ಯಾ?" ಎಂದು ರೇಗಿಸುತ್ತಿದ್ದರು. ನಾನು ನಗುತ್ತಿದ್ದೆ. ಆ ಊರಿನಲ್ಲಿ ನಾನಿಲ್ಲದಿದ್ದರೆ ಯಾರದಾದರೂ ಕೆಲಸ ನಿಲ್ಲುತ್ತದೆ ಎಂದಿದ್ದರೆ ಅದು ಅಲ್ಲಿ ಮಾತ್ರ.

ಆ ವರ್ಷ ಅವರು ಸ್ಪರ್ಧೆಗೆಂದು ಮಾಡಿದ್ದು ತಿಳಿಹೊಂಬಣ್ಣದ ಲಾಗರ್. ನಿಧಾನ ಹುದುಗಿ, ಆಮೇಲೆ ವಾರಗಟ್ಟಲೆ ನೆಲಮಾಳಿಗೆಯ ತಣ್ಣನೆಯಲ್ಲಿ ಕೂರಬೇಕಾದ ಬಿಯರ್. ಅದರಲ್ಲಿ ಯಾವ ತಪ್ಪೂ ಅಡಗುವುದಿಲ್ಲ. ಅದಕ್ಕೇ ಅದನ್ನು ಆರಿಸಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ದಿನ ಎಣಿಸಿಟ್ಟಿದ್ದರು. ಒಂದು ಮಂಗಳವಾರ ಅದು ತಣ್ಣನೆಗೆ ಇಳಿಯಲೇಬೇಕಿತ್ತು. ಇಳಿಯದಿದ್ದರೆ ಆ ವರ್ಷದ ಸ್ಪರ್ಧೆ ಕೈತಪ್ಪಿದಂತೆ. ಇಳಿಸುವ ಮೊದಲು ಒಂದು ಪರೀಕ್ಷೆ: ಎರಡು ಲೋಟ, ಒಂದನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ, ಎರಡನ್ನೂ ಮೂಸುವುದು. ಕಾದದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಇನ್ನೂ ನಾಲ್ಕೈದು ದಿನ ಬೆಚ್ಚಗಿಡಬೇಕು ಎಂದರ್ಥ.

ನಾನು ಹೋದಾಗ ಮೇಜಿನ ಮೇಲೆ ಎರಡು ಲೋಟಗಳ ಪಕ್ಕ ಒಂದು ಕಾಗದ ಬಿಚ್ಚಿಟ್ಟಿತ್ತು. ಆಸ್ಪತ್ರೆಯದು. "ಬೆಳಿಗ್ಗೆ ಬಂತು," ಎಂದರು. "ಎರಡು ವರ್ಷ ಆಯ್ತಲ್ಲ, ಇನ್ನು ವಾಪಸ್ ಬರಲ್ಲವಂತೆ." ದನಿಯಲ್ಲಿ ಏನೂ ಇರಲಿಲ್ಲ. ಪೆನ್ಸಿಲ್ ಹಿಡಿದು, ಪುಸ್ತಕ ತೆರೆದು, "ಸರಿ, ಮೂಸು," ಎಂದರು.

ಬಿಸಿ ಲೋಟವನ್ನು ಎತ್ತಿಕೊಂಡೆ. ಬೆಣ್ಣೆ. ಸಂಶಯವೇ ಇರಲಿಲ್ಲ. ಮತ್ತೊಮ್ಮೆ ಮೂಸಿದೆ, ಹೊತ್ತು ಕಳೆಯಲು. ಅವರು ನನ್ನ ಮುಖವನ್ನಲ್ಲ, ಪುಸ್ತಕದ ಖಾಲಿ ಸಾಲನ್ನು ನೋಡುತ್ತಿದ್ದರು. ಪೆನ್ಸಿಲಿನ ತುದಿಯನ್ನು ಹಾಳೆಗೆ ಊರಿ ಕಾಯುತ್ತಿದ್ದರು.

"ಏನೂ ಇಲ್ಲ," ಅಂದೆ. "ಶುದ್ಧವಾಗಿದೆ."

ಅವರು ಬರೆದುಕೊಂಡರು. ಇಬ್ಬರೂ ಸೇರಿ ಆ ಭಾರದ ಪಾತ್ರೆಯನ್ನು ನೆಲಮಾಳಿಗೆಗೆ ಇಳಿಸಿದೆವು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಬಿಡೇ, ಅಷ್ಟು ದಿನದಲ್ಲಿ ತಾನೇ ಹೋಗತ್ತೆ. ಪಾಪ, ಅವತ್ತೇ ಹೇಳ್ಬೇಕಿತ್ತಾ?" ಎಂದರು. ಹೋಗಬಹುದು ಎಂದು ನಾನೂ ನಂಬಿಸಿಕೊಂಡೆ. ಆದರೆ ನಾನು ಓದಿದ್ದು ಮೈಕ್ರೋಬಯಾಲಜಿ. ತಣ್ಣಗೆ ನಿದ್ದೆ ಹೋದ ಯೀಸ್ಟ್ ಎದ್ದು ಬಂದು ಆ ಬೆಣ್ಣೆಯನ್ನು ತಿನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಆ ಬಿಯರ್ ಇಟ್ಟಿದ್ದ ಉಗ್ರಾಣದ ಬಾಗಿಲು ದಾಟಬೇಕಿತ್ತು. ದಿನವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು. ಅವರು ಕಾಫಿ ಸುರಿದು ಎದುರು ಕೂತ ಕೂಡಲೇ ಬೇರೇನೋ ಮಾತು ತೆಗೆಯುವುದು... ಸೀಸೆಗೆ ತುಂಬಿಸಿದ ದಿನ ಮತ್ತೆ ಮೂಸು ಎಂದರು. ಬೆಣ್ಣೆ ಇತ್ತು. ಮೊದಲನೆಯ ಸುಳ್ಳನ್ನು ಕಾಯಲು ಎರಡನೆಯದನ್ನೂ ಹೇಳಿದೆ.

ಸ್ಪರ್ಧೆ ಸ್ಟಾಕ್‌ಹೋಮಿನ ಒಂದು ಸಭಾಂಗಣದಲ್ಲಿ. ರೈಲಿನಲ್ಲಿ ಜೊತೆಗೆ ಹೋದೆ. ಸೀಸೆಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ತೀರ್ಪುಗಾರರು ಮುಚ್ಚಿದ ಬಾಗಿಲಿನ ಆಚೆ. ಈಚೆ ಗಡ್ಡದ ಗಂಡಸರ ಗುಂಪು, ನಗು, ಕೈಕುಲುಕು. ಒಬ್ಬಾತ ಕೆಳಮನೆಯವರ ಬೆನ್ನು ತಟ್ಟಿ, "ಈ ವಯಸ್ಸಿನಲ್ಲೂ ಬಿಡ್ಲಿಲ್ವಲ್ಲ ನೀನು!" ಎಂದ. ಶಾಲೆಯ ಅಡುಗೆಮನೆಗೆ ತಪಾಸಣೆಯವರು ಬಂದಾಗ ನಿಲ್ಲುತ್ತಿದ್ದಿರಬೇಕು, ಹಾಗೆ ಅವರು ನೆಟ್ಟಗೆ ನಿಂತಿದ್ದರು. ಎರಡು ಗಂಟೆಯ ಮೇಲೆ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಮುಂದಿನ ಸುತ್ತಿಗೆ ಹೋದ ಸಂಖ್ಯೆಗಳು. ನಮ್ಮದು ಇರಲಿಲ್ಲ.

ಕೆಳಮನೆಯವರು ತಮ್ಮ ಅಂಕಪಟ್ಟಿಗಳ ಲಕೋಟೆ ಇಸಿದುಕೊಂಡು ಕಿಟಕಿಯ ಹತ್ತಿರ ಹೋದರು. ಮೊತ್ತವನ್ನು ಅಂಗೈಯಿಂದ ಮುಚ್ಚಿಕೊಂಡು ಓದಿದರು. ಮೊದಲನೆಯ ಹಾಳೆ: ಬೆಣ್ಣೆ. ಎರಡನೆಯದು: ಬೆಣ್ಣೆ, ತುಂಬಾ. ಮೂರನೆಯದು: ಬೆಣ್ಣೆ, ಬೇರೇನೂ ತಿಳಿಯುವುದಿಲ್ಲ. ಆಮೇಲೆ ಅಂಗೈ ತೆಗೆದರು. ವಾಸನೆಗೆ ನಾಲ್ಕು, ರುಚಿಗೆ ಏಳು. ನೋಟಕ್ಕೆ ಮಾತ್ರ ಮೂರಕ್ಕೆ ಮೂರು, ಅವರ ಕಣ್ಣಿಗೆ ಸಿಕ್ಕುತ್ತಿದ್ದದ್ದು ಅದೊಂದೇ. ಒಟ್ಟು ಇಪ್ಪತ್ತೊಂದು.

ಹಾಳೆಗಳನ್ನು ಮಡಿಸಿ ಚೀಲಕ್ಕಿಟ್ಟು ನನ್ನ ಕಡೆ ತಿರುಗಿದರು. "ನಿನಗೆ ಬೆಣ್ಣೆ ಗೊತ್ತು."

"ಹೌದು."

"ಯಾವಾಗಿಂದ?"

"ಅವತ್ತಿಂದ... ಆ ಕಾಗದ ಬಂದ ದಿನದಿಂದ. ನಿಮಗೆ ಬೇಜಾರಾಗುತ್ತೆ ಅಂತ..." ಸ್ವೀಡಿಷಿನಲ್ಲಿ ಎಲ್ಲರಿಗೂ ಒಂದೇ 'ನೀನು'. ನನ್ನ ತಲೆಯೊಳಗೆ ಮಾತ್ರ ಅವರು ಯಾವತ್ತೂ 'ನೀವು'. ಆ ಹೊತ್ತು ಎರಡೂ ನನ್ನ ನೆರವಿಗೆ ಬರಲಿಲ್ಲ.

ಕೂಗಾಡುತ್ತಾರೆ ಎಂದುಕೊಂಡೆ. ಇಲ್ಲ. ಎಲ್ಲರಿಗೂ ಕೇಳುವ ಮಾಮೂಲು ದನಿಯಲ್ಲೇ ಹೇಳಿದರು: "ಒಳಗಿದ್ದ ಮೂವರಿಗೆ ನನಗೆ ಮೂಗಿಲ್ಲ ಅಂತ ಗೊತ್ತಿರಲಿಲ್ಲ. ಅವರು ಬಿಯರಿಗೆ ಅಂಕ ಕೊಟ್ಟರು. ನಿನಗೆ ಗೊತ್ತಿತ್ತು. ನೀನು ನನಗೆ ಕೊಟ್ಟೆ."

ಬೆನ್ನು ತಟ್ಟಿದ್ದ ಗಡ್ಡದವನ ನಗು ನಿಂತಿತು. ತಮ್ಮ ಗುಟ್ಟು ಬಯಲಾದದ್ದನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ರೈಲಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ಆರು ವಾರ ಮಾತಿಲ್ಲ. ನಾನು ಬಾಗಿಲು ತಟ್ಟಿದೆ, ತೆರೆಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಿದ್ದರು. "ಅಷ್ಟು ಸಣ್ಣ ವಿಷ್ಯಕ್ಕೆ ಇಷ್ಟೊಂದಾ?" ಎಂದರು ಗಂಡ. ಸಣ್ಣದಲ್ಲ ಎಂದು ನನಗೆ ಗೊತ್ತಿತ್ತು. ಕಣ್ಣಿಲ್ಲದವರ ಕೈ ಹಿಡಿದು ರಸ್ತೆ ಖಾಲಿ ಇದೆ ಎಂದು ಹೇಳಿದ ಹಾಗೆ ಮಾಡಿದ್ದೆ.

ಮರಗಳು ಚಿಗುರುವ ಹೊತ್ತಿಗೆ ಅವರೇ ಬಂದರು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಖಾಲಿ ಅಂಕಪಟ್ಟಿ. "ತುಂಬು." ಮೂಸಿದೆ, ಮೊದಲ ಸಲ ಒಂದು ಗುಟುಕು ಬಾಯಿಗೂ ಹಾಕಿಕೊಂಡೆ. ಇದ್ದದ್ದನ್ನೆಲ್ಲ ಬರೆದೆ: ಬೇಯಿಸಿದ ಮೆಕ್ಕೆಜೋಳ, ಗಂಟಲಲ್ಲಿ ಒಗರು, ಕೊನೆಯಲ್ಲಿ ನೀರುನೀರು. ಕೂಡಿದರೆ ಇಪ್ಪತ್ತಾರು. ಓದಿ, "ನಾಳೆ ಎರಡು ಗಂಟೆಗೆ ಬಾ," ಎಂದರು.

ಮುಂದಿನ ವರ್ಷ ಅವರ ಬಿಯರಿಗೆ ಮೂವತ್ತಾರು ಬಂತು. ಪದಕ ಬರಲಿಲ್ಲ. ಮೂವರು ತೀರ್ಪುಗಾರರೂ ಬರೆದದ್ದು ನಾನು ಮೊದಲೇ ಬರೆದುಕೊಟ್ಟಿದ್ದ ಮಾತುಗಳನ್ನೇ. ಅದನ್ನು ನೋಡಿ ಕೆಳಮನೆಯವರು ನಕ್ಕದ್ದು ನೆನಪಿದೆ. ಅವರು ಹಲ್ಲು ಕಾಣುವಂತೆ ನಕ್ಕದ್ದು ನಾನು ಕಂಡಿದ್ದು ಅದೊಂದೇ ಸಲ.

ಆಮೇಲೆ ಗಂಡನಿಗೆ ಸ್ಟಾಕ್‌ಹೋಮಿನ ಹತ್ತಿರದ ಸೋಡರ್‌ಟೆಲ್ಯೆ ಎಂಬ ಊರಿನಲ್ಲಿ ಕೆಲಸವಾಗಿ ನಾವು ಅಲ್ಲಿಗೆ ಬಂದೆವು, ನನಗೂ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಕೆಳಮನೆಯವರು ವೃದ್ಧರ ವಸತಿಗೆ ಹೋದರು. ಮೊದಲ ಸಲ ನೋಡಲು ಹೋದಾಗ, ಕಾಫಿ ತಂದಿಟ್ಟ ಹುಡುಗಿ ಆಚೆ ಹೋಗುವವರೆಗೆ ಕಾದು, ನನ್ನನ್ನು ಹತ್ತಿರ ಕರೆದರು.

"ನನ್ನಿಂದ ವಾಸನೆ ಬರ್ತಿದೆಯಾ? ಇಲ್ಲಿ ಎಲ್ಲರೂ ಒಳ್ಳೆಯವರು. ಒಳ್ಳೆಯವರು ಹೇಳಲ್ಲ."

ಬರುತ್ತಿತ್ತು. ಆ ಮಂಗಳವಾರ ಕಣ್ಣ ಮುಂದೆ ಬಂತು. "ಹೌದು," ಎಂದೆ. "ಮೂತ್ರದ್ದು. ಸ್ವೆಟರಿನಲ್ಲಿ, ಕುರ್ಚಿಯ ದಿಂಬಿನಲ್ಲಿ."

ಅವರ ಮುಖ ಕೆಂಪಾಯಿತು. ಆಮೇಲೆ ಎರಡೂ ತೋಳು ಮೇಲೆತ್ತಿದರು, ನಾನು ಸ್ವೆಟರ್ ತೆಗೆಯಲಿ ಎಂದು. ಅಂದಿನಿಂದ ಹೋದಾಗಲೆಲ್ಲ ನಾನು ಬಾಗಿಲಲ್ಲೇ ನಿಂತು ಒಮ್ಮೆ ಉಸಿರೆಳೆದುಕೊಳ್ಳುವುದು, ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ನನ್ನ ಮಾತಿಗೆ ಕಾಯುವುದು.

ಒಂದು ವರ್ಷ ತಮ್ಮನ ಮದುವೆಗೆಂದು ದಾವಣಗೆರೆಗೆ ಹೋದವಳು ಎರಡು ತಿಂಗಳು ಉಳಿದೆ. ವಾಪಸಾದ ವಾರವೇ ನೋಡಲು ಹೋದೆ. ಬಾಗಿಲು ತೆರೆದೇ ಇತ್ತು. ಎಂದಿನಂತೆ ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡೆ. ಲ್ಯಾವೆಂಡರ್ ಸೋಪು, ಹೊಸ ಬಣ್ಣ, ಪರಿಚಯವಿಲ್ಲದ ಯಾರದೋ ಕೋಟು. ಕಾರಿಡಾರಿನಲ್ಲಿ ನರ್ಸು ನನ್ನ ಹೆಸರು ಹಿಡಿದು ಕೂಗುತ್ತಾ ಬೇಗ ಬೇಗ ಬರುತ್ತಿದ್ದಳು. ಅವಳು ಬಂದು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು...

ಈಗ ಜನ ನನ್ನನ್ನು ಕೇಳುವುದು ಸಾರು ಹೇಗಿದೆ, ಸೀರೆ ಹೇಗಿದೆ, ಮಗಳ ಭಾಷಣ ಹೇಗಿತ್ತು ಎಂದು. ಚೆನ್ನಾಗಿದೆ ಎನ್ನುತ್ತೇನೆ, ಅವರಿಗೆ ಬೇಕಾದದ್ದೂ ಅದೇ. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಎದುರು ಕೂತು ಕಾಯುವವರು ಇನ್ನೊಬ್ಬರು ನನಗೆ ಸಿಗಲಿಲ್ಲ.